ತೆಳ್ಳಗಾದ ಹಲಗೆ

ಗಿಟಾರ್ ಅಂಗಡಿಯ ಮೇಲಿನ ಮನೆ,
ಮಾರ್ಚ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯೇ? ಮೊದಲು ನಿನ್ನ ಕಿವಿಯ ವಿಷಯ ಹೇಳು. ಎಂಜಿನ್ನಿನಲ್ಲಿ ಕೂರುವಾಗ ಕಿವಿಗೆ ಆ ದಪ್ಪ ಮುಚ್ಚಳ ಹಾಕಿಕೊಳ್ಳುತ್ತೀಯೋ ಇಲ್ಲವೋ? ಹೋದ ಸಲ ಕೇಳಿದಾಗ "ಹಾಕ್ಕೋತೀನಮ್ಮಾ, ತಲೆ ತಿನ್ಬೇಡ" ಎಂದೆ. ನೀನು ತಲೆ ತಿನ್ನಬೇಡ ಎಂದರೆ ಹೇಳಿದ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಹೆತ್ತವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ನೆಗಡಿ ಬಿಟ್ಟಿತೇ? ಪಾಳಿ ಮುಗಿಸಿ ಬಂದವಳು ಏನಾದರೂ ತಿಂದು ಮಲಗುತ್ತೀಯೋ, ಬೂಟು ಸಮೇತ ಹಾಸಿಗೆಗೆ ಬೀಳುತ್ತೀಯೋ? ನೀನು ಕಳಿಸಿದ ಫೋಟೋ ನೋಡಿದೆ. ಎಂಜಿನ್ ಬಾಗಿಲಲ್ಲಿ ನಿಂತು ಭಾರಿ ಗತ್ತಿನಿಂದ ನೋಡುತ್ತಿದ್ದೀಯ, ಆದರೆ ಅಂಗಿಯ ತೋಳು ಬೆರಳಿನವರೆಗೂ ಇಳಿದುಬಂದಿದೆ. ರೈಲಿನವರು ಎಲ್ಲರಿಗೂ ಒಂದೇ ಅಳತೆಗೆ ಹೊಲಿಸುತ್ತಾರೇನೋ. ಆ ಅಂಗಿಗಳನ್ನು ಒಂದು ಡಬ್ಬಿಗೆ ತುಂಬಿ ಕಳಿಸು, ತೋಳು ಮಡಿಚಿ ಹೊಲಿದು ಕೊಡುತ್ತೇನೆ. ಗಿಟಾರಿಗೆ ಚೀಲ ಹೊಲಿದು ಹೊಲಿದು ಅಮ್ಮನಿಗೆ ಮನುಷ್ಯರ ಅಳತೆಯೇ ಮರೆತುಹೋಗಿದೆ ಎಂದು ನಗಬೇಡ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಯಾವಾಗಲೂ ಹೊರಡುವ ಅವಸರದಲ್ಲೇ ಇರುತ್ತೀಯ. ನಿನ್ನ ಹಿಂದೆ ಯಾರೋ ಒಬ್ಬರು ಸದಾ ಶಿಳ್ಳೆ ಊದುತ್ತಿರುತ್ತಾರೆ. ನನಗೋ ಪೀಠಿಕೆ ಹಾಕದೆ ಮಾತು ಶುರುವಾಗುವುದಿಲ್ಲ. ಅಲ್ಲದೆ "ಮನೇಲೆಲ್ಲ ಚೆನ್ನಾಗಿದ್ದೀರಾ" ಎಂದು ನೀನು ಕೇಳುವ ರೀತಿಯಲ್ಲೇ, ಅಪ್ಪನ ಸುದ್ದಿ ಎತ್ತಬೇಡ ಎನ್ನುವುದೂ ಸೇರಿರುತ್ತದೆ. ಇವತ್ತು ಎತ್ತಲೇಬೇಕಾಗಿದೆ. ನಿಮ್ಮಪ್ಪ ಕೆಲಸ ನಿಲ್ಲಿಸಿದ್ದಾರೆ. ಮೊನ್ನೆ ಉಳಿಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಚರ್ಮದ ಚೀಲದಲ್ಲಿ ಸುತ್ತಿಟ್ಟರು. ಕೆಲಸದ ಮೇಜಿನ ಮೇಲೆ ಹಳೆಯ ಮಂಚದ ಹೊದಿಕೆ ಹೊದಿಸಿದರು. ಇನ್ನು ಮೇಲೆ ಗಿಟಾರ್ ಮಾಡುವುದಿಲ್ಲವಂತೆ. ಯಾಕೆ ಹೀಗಾಯಿತು ಎಂದು ನಿನಗೆ ಗೊತ್ತಾಗಬೇಕು. ಯಾಕೆಂದರೆ ಅದರಲ್ಲಿ ನೀನೂ ಇದ್ದೀಯ, ನಿನಗೇ ತಿಳಿಯದ ಹಾಗೆ.

ಅಟ್ಟದ ಮೇಲೆ ಕಂಬಳಿಯಲ್ಲಿ ಸುತ್ತಿಟ್ಟಿದ್ದ ಜೋಡಿ ಹಲಗೆ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ಅದನ್ನು ಮುಟ್ಟಿದ್ದಕ್ಕೆ ಬೈಸಿಕೊಂಡು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ನಮ್ಮ ಮದುವೆಯಾದ ಹೊಸತರಲ್ಲಿ ಒಂದು ಪಿಯಾನೋ ಕಾರ್ಖಾನೆ ಬಾಗಿಲು ಹಾಕಿತು. ಅವರ ಉಗ್ರಾಣದಲ್ಲಿ ಉಳಿದಿದ್ದ ಸ್ಪ್ರೂಸ್ ಮರ ಅದು. ಚಳಿಬೆಟ್ಟದಲ್ಲಿ ನಿಧಾನವಾಗಿ ಬೆಳೆದ ಮರವಂತೆ. ಗೆರೆಗಳು ಬಾಚಿದ ಕೂದಲಿನಷ್ಟು ನೇರ, ಅಷ್ಟೇ ಒತ್ತು. ಅದನ್ನು ತರಲು ಇಬ್ಬರೂ ಬಸ್ಸಿನಲ್ಲಿ ಹೋಗಿದ್ದೆವು. ಬರುವಾಗ ಒಂದೇ ಸೀಟು ಸಿಕ್ಕಿತು. ನಿಮ್ಮಪ್ಪ ಹಲಗೆಯನ್ನು ಸೀಟಿನ ಮೇಲೆ ಮಲಗಿಸಿ, ಅದಕ್ಕೆ ಪೆಟ್ಟಾಗದ ಹಾಗೆ ಕೈ ಅಡ್ಡ ಹಿಡಿದು ನಿಂತರು. ಹಲಗೆಗೆ ಸೀಟು, ಹೆಂಡತಿಗೆ ಕಂಬಿ. ಅವತ್ತೇ ಈ ಮನೆಯಲ್ಲಿ ನನ್ನ ಜಾಗ ಯಾವುದು ಎಂದು ತಿಳಿಯಿತು ಎಂದು ನಾನು ಎಷ್ಟು ವರ್ಷ ಅವರನ್ನು ಚುಚ್ಚಿಲ್ಲ! ಅದಕ್ಕೆ ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. "ಅದು ಇನ್ನೂ ಒಣಗ್ಬೇಕು, ನೀನು ಆಗ್ಲೇ ಒಣಗಿದೀಯ" ಎನ್ನುತ್ತಿದ್ದರು. ತಮಾಷೆ ಮಾಡುತ್ತಿದ್ದ ಕಾಲ ಅದು.

ಹೋದ ಮಳೆಗಾಲದ ಕೊನೆಗೆ ಶಾಲೆಯ ಸಂಗೀತದ ಟೀಚರಮ್ಮ ಬಂದರು. ನಿನಗೆ ಸ್ವರ ಹೇಳಿಕೊಟ್ಟವರೇ. ಶಾಲೆಯ ಕೆಲಸ ಮುಗಿಯಿತು, ಇನ್ನು ಮನೆಯಲ್ಲಿ ಕೂತು ತನಗಾಗಿಯೇ ನುಡಿಸಬೇಕು, ಒಂದು ಒಳ್ಳೆಯ ಗಿಟಾರ್ ಮಾಡಿಕೊಡಿ ಎಂದರು. ನೀನು ಹೋದ ಮೇಲೆ ನಿಮ್ಮಪ್ಪ ಬರೀ ರಿಪೇರಿ ಮಾಡುತ್ತಿದ್ದರು: ಅಂಟು ಬಿಟ್ಟ ಕಡೆ ಮತ್ತೆ ಅಂಟು ಹಾಕುವುದು, ಕತ್ತಿನ ಮೇಲೆ ತಂತಿಯಡಿ ಸವೆದ ಲೋಹದ ಮೆಟ್ಟಿಲು ಬದಲಿಸುವುದು. ಹೊಸದು ಕೇಳಿದವರಿಗೆಲ್ಲ ಮರ ಇಲ್ಲ ಎನ್ನುತ್ತಿದ್ದರು. ಟೀಚರಮ್ಮನಿಗೂ ಹಾಗೇ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೋದ ಮೇಲೆ ಏಣಿ ಇಟ್ಟು ಅಟ್ಟ ಹತ್ತಿ, ಕಂಬಳಿಯ ಗಂಟನ್ನು ಎದೆಗವಚಿಕೊಂಡು ಇಳಿದರು. "ಇದಾ?" ಎಂದೆ. "ಇದೇ" ಎಂದರು. ನೀನಿಲ್ಲದೆಯೂ ಆಗುತ್ತದೆ ಎಂದು ಅವರಿಗೆ ಯಾರಿಗೋ ತೋರಿಸಬೇಕಿತ್ತು. ನೀನು ನೋಡುವವಳಲ್ಲ ಎಂದು ಗೊತ್ತಿದ್ದರೂ, ತೋರಿಸಬೇಕಿದ್ದುದು ನಿನಗೇ ಎಂದು ನಾನು ಬಲ್ಲೆ.

ನೀನು ಮನೆ ಬಿಟ್ಟ ಆ ಜಗಳದ ದಿನ ನಾನು ಅಲ್ಲೇ ಇದ್ದೆನಲ್ಲ, ಹೊಲಿಗೆ ಯಂತ್ರದ ಮುಂದೆ. ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತಿದ್ದ. ನಿಮ್ಮಪ್ಪ ಬೇರೊಂದು ಗಿಟಾರಿನ ಹಲಗೆಯನ್ನು ಕೀಸುಳಿಯಿಂದ ಹೆರೆಯುತ್ತಿದ್ದರು, ಮೂಲೆ ಹಿಡಿದು ಎತ್ತಿ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು, ಮತ್ತೆ ಹೆರೆಯುತ್ತಿದ್ದರು. ನೀನು "ಸಾಕಪ್ಪಾ" ಎಂದೆ. ಅವರು ನಿಲ್ಲಿಸಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ, "ಅಪ್ಪಾ, ಕೇಳಿಸ್ತಾ ಇಲ್ವಾ? ಹಾಳಾಗೋಯ್ತು" ಎಂದೆ. ಗಿರಾಕಿ ನಕ್ಕ. ಅದೇ ನಿಮ್ಮಪ್ಪನಿಗೆ ಚುರುಕ್ ಎಂದಿದ್ದು. "ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ತಿದೀನಿ. ನಿನ್ನ ಕಿವಿ ಇಲ್ದೇನೂ ಮಾಡ್ತೀನಿ" ಎಂದರು. ನೀನು ಕೆಲಸದ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಮೇಲೆ ಬಂದು ಬಟ್ಟೆ ಜೋಡಿಸಿದೆ, ನಾನೂ ಹಿಂದೆಯೇ ಹತ್ತಿ ಬಂದೆ. ಆಗ ನೀನು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ. "ಬೈದಿದ್ದಕ್ಕಲ್ಲಮ್ಮಾ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿದೀನಿ, ಪ್ರತಿ ಸಲ ತಟ್ಟುವಾಗಲೂ ನನ್ನ ಮುಖಾನೇ ದುರುಗುಟ್ಕೊಂಡು ನೋಡ್ತಾರೆ, ಕಳ್ಳೀನ ನೋಡೋ ಹಾಗೆ. ನನ್ನ ಮೇಲೆ ಒಂದು ದಿನಾನೂ ನಂಬಿಕೆ ಬರ್ಲಿಲ್ಲ ಅವರಿಗೆ" ಎಂದೆ. ನಾನು ಏನಾದರೂ ಹೇಳಬೇಕಿತ್ತು. ಕೆಳಗೆ ಹೋಗಿ ಅವರಿಗೂ ಹೇಳಬೇಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿನ್ನ ಬಟ್ಟೆ ಮಡಿಚಿ ಕೊಟ್ಟೆ. ಎರಡು ದಿನ ಗೆಳತಿಯ ಮನೆಯಲ್ಲಿದ್ದು ಸಿಟ್ಟು ಇಳಿದ ಮೇಲೆ ಬರುತ್ತಾಳೆ ಎಂದುಕೊಂಡೆ.

ಇರಲಿ. ಟೀಚರಮ್ಮನ ಗಿಟಾರಿನ ಕೆಲಸ ಶುರುವಾಯಿತು. ಬೆನ್ನಿಗೂ ಪಕ್ಕಗಳಿಗೂ ಬೀಟೆ. ಪಟ್ಟಿಗಳನ್ನು ನೆನೆಸಿ, ಕಾದ ಕೊಳವೆಗೆ ಒತ್ತಿ ಒತ್ತಿ ಬಗ್ಗಿಸುವಾಗ ಬರುತ್ತದಲ್ಲ ಆ ಸಿಹಿ ವಾಸನೆ, ಅದು ಮೇಲಿನ ಮನೆಗೂ ಹತ್ತಿ ಬಂತು. ಬಹಳ ದಿನಗಳ ಮೇಲೆ ಮನೆಗೆ ಜೀವ ಬಂದಂತಾಯಿತು. ನಿಮ್ಮಪ್ಪನ ಕೈ ಏನೂ ಮರೆತಿಲ್ಲ ಕಣೇ. ಸೊಂಟದ ತಿರುವಿನಲ್ಲಿ ಮರ ಇನ್ನೇನು ಸಿಗಿಯುತ್ತದೆ ಎನ್ನುವಾಗ ಒಂದು ಕ್ಷಣ ಕೈ ಸಡಿಲ ಬಿಟ್ಟು, ಮತ್ತೆ ಒತ್ತಿ, ಮಗುವಿಗೆ ಅಂಗಿ ಹಾಕುವ ಹಾಗೆ ಬಗ್ಗಿಸಿಬಿಟ್ಟರು. ಊಟಕ್ಕೆ ಕರೆದರೆ "ಬಂದೆ ಬಂದೆ" ಎನ್ನುವುದು, ಬಾರದಿರುವುದು, ಸಾರು ಆರಿತು ಎಂದು ನಾನು ಗೊಣಗುವುದು, ಎಲ್ಲವೂ ಹಿಂದಿನ ಹಾಗೇ. ನಾನು ಚೀಲಕ್ಕೆ ಹಸಿರು ಬಟ್ಟೆ ಕತ್ತರಿಸಿದೆ. ಟೀಚರಮ್ಮನಿಗೆ ಹಸಿರು ಇಷ್ಟ ಎಂದು ನೀನೇ ಒಮ್ಮೆ ಹೇಳಿದ್ದೆ.

ಮೇಲ್ಹಲಗೆಯ, ಅಂದರೆ ಆ ಸ್ಪ್ರೂಸಿನ, ಸರದಿ ಬಂತು. ನನಗೆ ತಿಳಿದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೋ. ಗಿಟಾರಿನ ದನಿಯೆಲ್ಲ ಇರುವುದು ಆ ಮುಂದಿನ ಹಲಗೆಯಲ್ಲಿ. ದಪ್ಪ ಇದ್ದರೆ ಮಂಕು. ಹೆರೆದು ಹೆರೆದು ತೆಳುವಾಗುತ್ತಾ ಬಂದ ಹಾಗೆ ಒಂದು ಹಂತದಲ್ಲಿ, ತಟ್ಟಿದರೆ ಗಂಟೆಯಂತೆ ಬಿಚ್ಚಿಕೊಳ್ಳುತ್ತದೆ. "ಮರ ಬಾಯಿ ಬಿಡ್ತು" ಎನ್ನುತ್ತಾರಲ್ಲ ನಿಮ್ಮಪ್ಪ, ಅಲ್ಲಿ ನಿಲ್ಲಿಸಬೇಕು. ಅದರಾಚೆ ಹೋದರೆ ಹೋಯಿತು; ಹೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅಳತೆಪಟ್ಟಿ ಇಟ್ಟು ಮಾಡುವವರೂ ಇದ್ದಾರಂತೆ, ನಿಮ್ಮಪ್ಪನಿಗೆ ಅದೆಂದರೆ ಅಲರ್ಜಿ. ಅವತ್ತು ಒಂದಷ್ಟು ಹೊತ್ತು ಹೆರೆದು, ತಟ್ಟಿದರು. ಆಮೇಲೆ "ಸ್ವಲ್ಪ ಬಾ ಇಲ್ಲಿ, ಹೀಗೆ ನಿಂತ್ಕೋ" ಎಂದು ನನ್ನನ್ನು ಕರೆದರು. ಕಿಟಕಿಯ ಎದುರಿಗೆ, ಬೆಳಕು ಮುಖದ ಮೇಲೆ ಬೀಳುವ ಹಾಗೆ, ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು. ನನಗೆ ಗಿಟಾರ್ ತಟ್ಟಿದರೂ ಒಂದೇ, ಪಾತ್ರೆ ತಟ್ಟಿದರೂ ಒಂದೇ, ಇದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೂ ಕರೆದರಲ್ಲ ಎಂದು ಹಿಗ್ಗಿ ಹೋಗಿ ನಿಂತೆ.

ಅವರು ಹಲಗೆ ಎತ್ತಿ ಹಿಡಿದರು. ತಟ್ಟಿದರು. ಹಲಗೆಯ ಕಡೆ ನೋಡಲೇ ಇಲ್ಲ ಕಣೇ. ಕಿವಿಯನ್ನೂ ಹತ್ತಿರ ತರಲಿಲ್ಲ. ನನ್ನ ಮುಖವನ್ನೇ ನೋಡಿದರು, ರೆಪ್ಪೆ ಹೊಡೆಯದೆ, ದುರುಗುಟ್ಟಿಕೊಂಡು. ಮತ್ತೊಮ್ಮೆ ತಟ್ಟಿದರು, ಮತ್ತೆ ನನ್ನ ಮುಖ. ಕಳ್ಳಿಯನ್ನು ನೋಡುವ ಹಾಗೆ ಎಂದು ನೀನು ಹೇಳಿದ ನೋಟ ಅದೇ. ಎದುರಿಗೆ ನಿಂತು ನೋಡಿದರೆ ಅದರಲ್ಲಿ ಅನುಮಾನದ ಸುಳಿವೇ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ನೋಡಲು ಬಂದ ಮಕ್ಕಳು ಶಾಲೆಯ ಸೂಚನಾಫಲಕದ ಮುಂದೆ ನಿಂತು ನೋಡುತ್ತಾರಲ್ಲ, ಹಾಗಿತ್ತು. ನಿಮ್ಮಪ್ಪನಿಗೆ ಆ ಸದ್ದು ಕೇಳಿಸುತ್ತಿರಲಿಲ್ಲ ಚೂಟಿ. ಕೇಳಿಸಿದವರ ಮುಖ ಏನಾಗುತ್ತದೆ ಎಂದು ನೋಡುತ್ತಿದ್ದರು.

ಮತ್ತೆ ಒಂದೊಂದಾಗಿ ಎಲ್ಲ ನೆನಪಾಯಿತು. ಬಾಗಿಲ ಗಂಟೆ ಬಾರಿಸಿದರೂ ಏಳದಿದ್ದಾಗ ಸೋಮಾರಿ ಎಂದಿದ್ದೆ. ಕೆಟಲ್ ಕೂಗಿ ಕೂಗಿ ನೀರೆಲ್ಲ ಆರಿ ತಳ ಸುಟ್ಟಾಗ, ಪಕ್ಕದಲ್ಲೇ ಕೂತಿದ್ದೀರಲ್ಲ, ನಿಮ್ಮ ಧ್ಯಾನ ಎಲ್ಲಿತ್ತು ಎಂದು ಹಾರಾಡಿದ್ದೆ. ಗಂಡಸರಿಗೆ ಹೆಂಡತಿಯ ಮಾತು ಕೇಳಿಸದಿರುವುದು ಕಾಯಿಲೆಯಲ್ಲ, ಅಭ್ಯಾಸ ಎಂದು ಪಕ್ಕದ ಕ್ಷೌರಿಕನ ಹೆಂಡತಿಯ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿ, ಮನುಷ್ಯನಿಗೆ ಕೇಳಿಸುತ್ತಿಲ್ಲ ಎನ್ನುವುದು ತಿಳಿಯದ ನಾನು ಎಂಥ ಹೆಂಡತಿ? ಹೇಳಿಕೊಳ್ಳದ ಅವರಾದರೂ ಎಂಥ ಗಂಡ? ಈ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗುತ್ತಿಲ್ಲ, ನೀನು ತಪ್ಪು ತಿಳಿಯಬೇಡ.

ಆ ಕ್ಷಣವೇ ನಾನು ಅವರ ಕೈ ಹಿಡಿದು "ನಿಲ್ಸಿ, ನನಗಿದು ಗೊತ್ತಾಗಲ್ಲ, ನಿಮಗೂ ಕೇಳಿಸ್ತಿಲ್ಲ" ಎಂದಿದ್ದರೆ ಹಲಗೆ ಉಳಿಯುತ್ತಿತ್ತು. ಬಾಯಿ ಬರಲಿಲ್ಲ. ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡೆ, ನೋಡು ನನ್ನ ಬುದ್ಧಿ. ಮರ ಯಾವಾಗ ಬಾಯಿ ಬಿಡುತ್ತದೋ ತಿಳಿಯದೆ, ತಪ್ಪು ಮುಖ ಮಾಡಿಬಿಟ್ಟರೆ ಎಂಬ ಹೆದರಿಕೆಗೆ, ಫೋಟೋಗೆ ನಿಂತವಳ ಹಾಗೆ ಮುಖ ಬಿಗಿದುಕೊಂಡು ನಿಂತೆ. ಅವರು ತಟ್ಟುವುದು, ನೋಡುವುದು, ನನ್ನ ಮುಖದಲ್ಲಿ ಏನೂ ಕಾಣದೆ ಮತ್ತೆ ಹೆರೆಯುವುದು. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಬೀಳುತ್ತಾ ಹೋಯಿತು. ಕೊನೆಗೆ ಅವರು ಹಲಗೆ ಎತ್ತಿದಾಗ ಕಿಟಕಿಯ ಬೆಳಕು ಅದರೊಳಗಿಂದ ಜೇನಿನ ಬಣ್ಣದಲ್ಲಿ ಹಾಯ್ದು ಬಂತು. ಅವರ ಬೆರಳುಗಳ ನೆರಳು ಆಚೆ ಬದಿಯಿಂದ ಕಾಣುತ್ತಿತ್ತು. ಗಾಬರಿಯಾಗಿ ನಕ್ಕುಬಿಟ್ಟೆ. ಅವರು ತಟ್ಟನೆ ಕೀಸುಳಿ ಕೆಳಗಿಟ್ಟರು. "ಆಯ್ತು" ಎಂದು ಅವರೂ ನಕ್ಕರು. ಎಷ್ಟು ನೆಮ್ಮದಿ ಇತ್ತು ಆ ಮುಖದಲ್ಲಿ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಒಳಗಿನ ಆಧಾರಪಟ್ಟಿಗಳನ್ನು ಅಂಟಿಸಿದರು, ಡಬ್ಬಿ ಮುಚ್ಚಿದರು, ಕತ್ತು ಕೂರಿಸಿದರು, ಮೆರುಗು ಕೊಟ್ಟರು. ನೋಡಲು ಅಷ್ಟು ಚೆಂದದ ಗಿಟಾರನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ತಂತಿ ಬಿಗಿದು ಎರಡು ದಿನ ಗೋಡೆಗೆ ತೂಗುಹಾಕಿದರು. ನನಗೆ ಕಿವಿ ಇಲ್ಲದಿದ್ದರೂ ಕಣ್ಣಿದೆ. ತಂತಿ ಕಟ್ಟುವ ಸೇತುವೆಯ ಹಿಂದೆ ಹಲಗೆ ಉಬ್ಬಿತ್ತು, ಮದುವೆಯೂಟ ಮಾಡಿದವರ ಹೊಟ್ಟೆಯ ಹಾಗೆ; ಮುಂದೆ ತಗ್ಗಿತ್ತು. ಟೀಚರಮ್ಮ ಬಂದರು, ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ನುಡಿಸಿದರು. ಜೋರಾಗಿ ಕೂಗಿ ತಕ್ಷಣ ಸುಮ್ಮನಾಗುತ್ತಿತ್ತು, ಖಾಲಿ ಡಬ್ಬಿಯ ಹಾಗೆ. ನನಗೇ ಗೊತ್ತಾಯಿತೆಂದರೆ ನೋಡಿಕೋ. ಟೀಚರಮ್ಮ ದೊಡ್ಡ ಮನಸ್ಸಿನವರು. "ತುಂಬಾ ಚೆನ್ನಾಗಿ ಬಂದಿದೆ, ಸ್ವಲ್ಪ ದಿನ ನುಡಿಸಿದ್ರೆ ಇನ್ನೂ ಪಳಗತ್ತೆ" ಎಂದರು. ಆದರೆ ನಿಮ್ಮಪ್ಪ ಅವರ ಮಾತನ್ನು ಎಲ್ಲಿ ಕೇಳಿದರು? ಮುಖ ನೋಡುತ್ತಿದ್ದರಲ್ಲ. ಮೊದಲ ಬಾರಿ ತಂತಿ ಮೀಟಿದಾಗ ಟೀಚರಮ್ಮನ ಮುಖದಲ್ಲಿ ಒಂದು ಗಳಿಗೆ ಏನು ಹಾದುಹೋಯಿತೋ, ಅದನ್ನು ಓದಿಬಿಟ್ಟರು. ಮುಖ ಓದುವುದರಲ್ಲಿ ಅವರಷ್ಟು ಪಳಗಿದವರು ಇನ್ನೊಬ್ಬರಿಲ್ಲ ಎಂದು ನನಗೆ ಈಗ ಗೊತ್ತು.

ಅದನ್ನು ಅವರು ಕೊಟ್ಟು ಕಳಿಸಲಿಲ್ಲ. ಬೇರೆ ಮಾಡಿಕೊಡುತ್ತೇನೆ ಎಂದರು. ಟೀಚರಮ್ಮ ಹೋದ ಮೇಲೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದರು. ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ, ಯಾವ ಮುಖ ಹೊತ್ತು ನಿಲ್ಲಬೇಕೋ ತಿಳಿಯದೆ. "ಯಾವಾಗ ನಿಲ್ಲಿಸ್ಬೇಕಿತ್ತು?" ಎಂದು ನನ್ನನ್ನು ಕೇಳಿದರು. ನಾನು ಅತ್ತುಬಿಟ್ಟೆ. ನನಗೆ ಏನೂ ಗೊತ್ತಾಗಿರಲಿಲ್ಲ, ಸುಮ್ಮನೆ ನಿಂತಿದ್ದೆ ಎಂದು ಅವರ ಕಿವಿಯ ಹತ್ತಿರ ಜೋರಾಗಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ತಂತಿ ಸುತ್ತುತ್ತಾ ಹೇಳಿದರು: "ಅವಳ ಎಡಗಡೆ ಹುಬ್ಬು ಒಂಚೂರು ಮೇಲೆ ಹೋಗ್ತಿತ್ತು. ಮರ ಬಾಯಿ ಬಿಟ್ಟ ತಕ್ಷಣ. ಅವಳಿಗೇ ಗೊತ್ತಿಲ್ಲ ಅದು. ಅಷ್ಟು ಸಾಕಿತ್ತು ನನಗೆ." ನೀನು ಮೇಜಿನ ಪಕ್ಕ ಬಂದು ನಿಂತ ಸ್ವಲ್ಪ ಕಾಲದಲ್ಲೇ ಅವರಿಗೆ ಆ ಸಣ್ಣ ಸದ್ದುಗಳು ಹೋಗಿಬಿಟ್ಟಿದ್ದವಂತೆ. ಅಲ್ಲಿಂದ ಮುಂದೆ ಈ ಅಂಗಡಿಯಿಂದ ಹೊರಬಿದ್ದ ಪ್ರತಿ ಗಿಟಾರೂ ನಿನ್ನ ಹುಬ್ಬಿನಿಂದ ಆದದ್ದು.

ಜಗಳದ ದಿನ ಏನಾಗಿತ್ತು ಎಂದು ಕೇಳಿದೆ. ಅವತ್ತು ನೀನು ಗಿರಾಕಿಯ ಜೊತೆ ಮಾತಾಡುತ್ತಾ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆಯಂತೆ. ಮುಖ ನೆರಳಿನಲ್ಲಿತ್ತಂತೆ. ಅವರಿಗೆ ನಿನ್ನ ಹುಬ್ಬು ಕಾಣಲಿಲ್ಲ, ಅದಕ್ಕೇ ಹೆರೆಯುತ್ತಾ ಹೋದರು. ಇತ್ತ ತಿರುಗು ಎಂದು ಹೇಳಲು ಅಭಿಮಾನ ಬಿಡಲಿಲ್ಲ. ಹೇಳಿದ್ದರೆ ಯಾಕೆ ಎಂದು ನೀನು ಕೇಳುತ್ತಿದ್ದೆ. ಕಿವಿ ಹೋದ ಗಿಟಾರಿನವನು ಎಂದು ಯಾರ ಬಾಯಲ್ಲೂ, ಅದರಲ್ಲೂ ನಿನ್ನ ಬಾಯಲ್ಲಿ, ಕೇಳಲು ಅವರಿಗೆ ಆಗುತ್ತಿರಲಿಲ್ಲವಂತೆ. "ಗಿರಾಕಿ ಎದುರಿಗೆ ಅವಳು ಕೇಳಿಸ್ತಾ ಇಲ್ವಾ ಅಂದಳಲ್ಲ, ಗೊತ್ತಾಗಿಹೋಯ್ತು ಅಂದ್ಕೊಂಡೆ" ಎಂದರು. ಗೊತ್ತಾಗಿದ್ದರೆ ನೀನು ಹೋಗುತ್ತಲೇ ಇರಲಿಲ್ಲ ಎಂದು ನಾನು ಹೇಳಿದೆ. ಕೇಳಿಸಿತೋ ಇಲ್ಲವೋ ಎಂದು ಮತ್ತೆ ಹೇಳಲು ಹೋದೆ, ಕೈ ಎತ್ತಿ ಬೇಡ ಎಂದರು.

ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಒಂದು ಸಣ್ಣ ಯಂತ್ರ ಕೊಟ್ಟಿದ್ದಾರೆ, ಕಿವಿಯ ಹಿಂದೆ ಕೂರುತ್ತದೆ. ಎದುರಿಗೆ ಕೂತು ಮಾತಾಡಿದರೆ ಪರವಾಗಿಲ್ಲ, ಮಾತು ತಿಳಿಯುತ್ತದೆ. ಮರದ ಸದ್ದು ಮಾತ್ರ ತಗಡಿನ ಹಾಗೆ ಕೇಳಿಸುತ್ತದಂತೆ, ಅದು ನಿಜವಾದ ಸದ್ದಲ್ಲವಂತೆ. ಹಾಗಾಗಿ ಮೇಜಿಗೆ ಹೊದಿಕೆ. ಈಗ ಹಗಲೆಲ್ಲ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂತಿರುತ್ತಾರೆ. ಅದಕ್ಕಿಂತ ನನ್ನ ಮೇಲೆ ರೇಗಾಡುತ್ತಿದ್ದುದೇ ಎಷ್ಟೋ ವಾಸಿಯಾಗಿತ್ತು. ಮೂಗಿನ ತುದಿಯಲ್ಲಿ ಕೋಪ ಇದ್ದ ಮನುಷ್ಯ ಮೆತ್ತಗಾದರೆ ನೋಡಲಾಗುವುದಿಲ್ಲ.

ನಿನ್ನ ಕೆಲಸ ಬಿಟ್ಟು ಬಾ ಎಂದು ನಾನು ಬರೆಯುತ್ತಿಲ್ಲ. ನಿನ್ನ ರೈಲು, ನಿನ್ನ ಬದುಕು. ಅಷ್ಟು ಜನ ನಿನ್ನನ್ನು ನಂಬಿ ಹಿಂದೆ ಕೂತು ನಿದ್ದೆ ಮಾಡುತ್ತಾರೆ ಎಂದರೆ ನನಗೆ ಹೆಮ್ಮೆಯೇ. ನಂಬಿಕೆ ಬರಲಿಲ್ಲ ಎಂದು ನೀನು ಹೇಳಿದ ಮಾತೊಂದು ಸುಳ್ಳು ಎಂದು ನಿನಗೆ ತಿಳಿಸಬೇಕಿತ್ತು, ಅಷ್ಟೇ. ನಿಮ್ಮಪ್ಪ ನಿನ್ನನ್ನು ನಂಬಿದಷ್ಟು ತಮ್ಮ ಕೈಯನ್ನೂ ನಂಬಲಿಲ್ಲ. ಅದನ್ನು ನಿನಗೆ ಹೇಳುವ ಧೈರ್ಯ ಅವರಿಗಿರಲಿಲ್ಲ, ಕಾಣುವ ಕಣ್ಣು ನನಗಿರಲಿಲ್ಲ. ಇಬ್ಬರ ನಡುವೆ ಸಿಕ್ಕಿ ನೀನು ದೂರವಾದೆ. ಇದನ್ನು ನೆನೆಸಿಕೊಂಡಾಗಲೆಲ್ಲ ಕೈಯಲ್ಲಿದ್ದ ಸೂಜಿ ಹಾಗೇ ನಿಂತುಬಿಡುತ್ತದೆ.

ಹೊತ್ತುಹೊತ್ತಿಗೆ ಊಟ ಮಾಡು. ಕಿವಿಗೆ ಮುಚ್ಚಳ ಹಾಕಿಕೋ, ಇದೊಂದನ್ನು ಜಗಳವಾಡದೆ ಕೇಳು. ನಿನ್ನ ದಾರಿಯಲ್ಲಿ ಎಲ್ಲ ದೀಪಗಳೂ ಹಸಿರಾಗಿರಲಿ, ನೂರು ಕಾಲ ಚೆನ್ನಾಗಿರು.

ನಿನ್ನನ್ನು ಸದಾ ನೆನೆಯುವ,
ಅಮ್ಮ

ತಾ.ಕ.: ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ಇಳಿದವಳು, ಲಕೋಟೆ ಹರಿದು ಮತ್ತೆ ಕೂತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ. ಈಗಷ್ಟೇ ಮೆರುಗೆಣ್ಣೆ ಅಂಗಡಿಯಾಕೆ ಬಂದಿದ್ದಳು, ನಿಮ್ಮಪ್ಪ ಒಂದೂವರೆ ವರ್ಷದಿಂದ ತನ್ನ ಅಂಗಡಿಗೆ ಯಾಕೆ ಕಾಲಿಟ್ಟಿಲ್ಲ ಎಂದು ಕೇಳಲು. ಇವರು ಮುಖ ಗಂಟಿಕ್ಕಿಕೊಂಡು "ಮಾಲು ಬಂದಿಲ್ಲ ಅಂತ ನೀವೇ ಫೋನ್ ಮಾಡಿದ್ರಲ್ಲ" ಎಂದರು. ಆಕೆ ಫೋನೇ ಮಾಡಿಲ್ಲ ಎಂದು ಆಣೆ ಇಟ್ಟಳು. ಯಾವತ್ತು ಎಂದು ನಾನು ಕೇಳಿದೆ. ನೀನು ಮನೆ ಬಿಟ್ಟ ಮುಂದಿನ ಭಾನುವಾರ, ನಾನು ದೊಡ್ಡಮ್ಮನನ್ನು ನೋಡಲು ಹೋಗಿದ್ದ ದಿನ. ಅವತ್ತೇ ಅಲ್ಲವೇನೇ ನೀನು ಅಂಗಡಿಗೆ ಫೋನ್ ಮಾಡಿದ್ದು? "ಅಪ್ಪನ ಹತ್ರ ಮಾತಾಡಿದೆ, ಉತ್ತರ ಸಿಕ್ತು, ಇನ್ನು ಆ ಮಾತು ಎತ್ಬೇಡಮ್ಮಾ" ಎಂದು ಮಾರನೆಯ ದಿನ ನನಗೆ ಹೇಳಿದೆ. ಮುಂದಿನ ವಾರವೇ ರೈಲಿನ ತರಬೇತಿಗೆ ಸೇರಿದೆ. ನೀನು ಅವರನ್ನು ಏನು ಕೇಳಿದೆಯೋ, ನಾನು ಇವತ್ತಿನವರೆಗೂ ಕೆದಕಲಿಲ್ಲ. ಅವತ್ತು ಇವರು ಬೆಳಗಿನಿಂದ ಮೆರುಗೆಣ್ಣೆಯವಳ ಫೋನಿಗೆ ಕಾಯುತ್ತಿದ್ದರಂತೆ. ಯಾವುದೋ ಹೆಂಗಸಿನ ದನಿ, ಏನು ಹೇಳುತ್ತಿದ್ದಾಳೆ ಎಂದು ಒಂದೂ ತಿಳಿಯಲಿಲ್ಲವಂತೆ. ಆಕೆಯೇ ಇರಬೇಕು, ಮಾಲು ಬಂದಿಲ್ಲ ಎನ್ನುತ್ತಿರಬೇಕು ಎಂದುಕೊಂಡು "ಬೇಡ ಬಿಡಮ್ಮಾ, ನಾನು ಬೇರೆ ಕಡೆ ನೋಡ್ಕೋತೀನಿ" ಎಂದು ಇಟ್ಟುಬಿಟ್ಟರಂತೆ. ಅದು ನೀನು ಎಂದು ಅವರಿಗೆ ಇನ್ನೂ ಗೊತ್ತಿಲ್ಲ. ನಾನು ಹೇಗೆ ಹೇಳಲಿ? ಚೂಟಿ, ಅದು ನಿನಗೆ ಕೊಟ್ಟ ಉತ್ತರ ಅಲ್ಲ ಕಣೇ. ನೀನು ಕೇಳಿದ ಮಾತು ಅವರನ್ನು ಇನ್ನೂ ತಲುಪಿಯೇ ಇಲ್ಲ.